ಕೋರ್ಟಿಗೆ ಮುಂಚಿನ ಒಂದು ಗಂಟೆ

ಮಾದಕವ್ಯಸನಿ ಆರೋಪಿಗಳ ಪ್ರಕರಣ ನೋಡುವ ಡ್ರಗ್ ಕೋರ್ಟಿನಲ್ಲಿ ವಿಚಾರಣೆಯ ದಿನದ ಅರ್ಧ ಕೆಲಸ ಕಲಾಪಕ್ಕೆ ಮೊದಲೇ ಮುಗಿದಿರುತ್ತದೆ. ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ಆರೋಪಿಗಳ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ, ಆಪ್ತಸಮಾಲೋಚಕರು ಒಂದೇ ಮೇಜಿಗೆ ಕೂತು ಒಬ್ಬೊಬ್ಬರ ಕಡತ ಬಿಚ್ಚುತ್ತಾರೆ. 1989ರಲ್ಲಿ ಅಮೆರಿಕದ ಮಯಾಮಿಯಲ್ಲಿ ಶುರುವಾದ ಪದ್ಧತಿಯಿದು. ಜೈಲಿನ ಬದಲು ಚಿಕಿತ್ಸೆ. ಅದೂ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ, ಕೋರ್ಟಿನ ಕಣ್ಗಾವಲಿನಲ್ಲಿ.

ಮೊದಲು ತೆಗೆಯುವುದು ಮೂತ್ರಪರೀಕ್ಷೆಯ ವರದಿ. ವಾರಕ್ಕೆ ಎರಡು ಸಲವಾದರೂ, ಯಾವ ದಿನವೆಂದು ಸುಳಿವು ಕೊಡದೆ ಕರೆಸಬೇಕು. ಮಾದರಿ ಕೈಗೆ ಬಂದ 4 ನಿಮಿಷದೊಳಗೆ ಬಾಟಲಿಗೆ ಅಂಟಿಸಿದ ಪಟ್ಟಿಯಲ್ಲಿ 32ರಿಂದ 38 ಡಿಗ್ರಿ ಸೆಲ್ಸಿಯಸ್ ಕಾಣಬೇಕು. ತಣ್ಣಗಿದ್ದರೆ ಬೇರೆಯವರ ಮೂತ್ರ ತಂದಿರಬಹುದು. ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಮಾದರಿ ತೆಳುವಾಗಿದೆ ಎಂದರ್ಥ. ಬೇಕೆಂದೇ ನೀರು ಕುಡಿದರೋ, ಬಾಯಾರಿಕೆಗೆ ಕುಡಿದರೋ ಅದರಿಂದ ತಿಳಿಯದು. ಮತ್ತೊಂದು ಮಾದರಿ ತೆಗೆದುಕೊಳ್ಳಿ. ಗಾಂಜಾದ್ದು ಬೇರೆಯೇ ಲೆಕ್ಕ. ದಿನವೂ ಸೇದುತ್ತಿದ್ದವರು ಬಿಟ್ಟು ತಿಂಗಳಾದರೂ ಅಂಶ ಸಿಗಬಹುದು. ಅದನ್ನು ಹೊಸ ತಪ್ಪೆಂದು ಬರೆದರೆ ಮಾತು ಉಳಿಸಿಕೊಂಡವನಿಗೆ ಅನ್ಯಾಯ.

ದೊಡ್ಡ ಎಡವಟ್ಟು ಆಗುವುದು ಇಲ್ಲಿಂದ ಮುಂದೆ. ಹೆರಾಯಿನ್ ಚಟದ ಸೆಳೆತ ತಗ್ಗಿಸುವ ಬುಪ್ರೆನಾರ್ಫಿನ್ ಮಾತ್ರೆಯ ಮೇಲಿರುವ ವ್ಯಸನಿ ಒಮ್ಮೆ ಜಾರಿ ಮತ್ತೆ ಹೆರಾಯಿನ್ ತೆಗೆದುಕೊಂಡ ಅನ್ನಿ. ಪಾಠವಾಗಲಿ ಎಂದು ಒಂದು ವಾರ ಜೈಲಿಗೆ ಹಾಕುತ್ತಾರೆ. ಅಲ್ಲಿ ಮಾತ್ರೆ ಕೊಡುವವರಿಲ್ಲ. ಮೈ ಒಗ್ಗಿಸಿಕೊಂಡಿದ್ದ ತಾಳಿಕೆ ಇಳಿಯುತ್ತದೆ, ಆಸೆ ಇಳಿಯುವುದಿಲ್ಲ. ಹೊರಬಂದವನು ಹಳೆಯ ಅಳತೆಯಲ್ಲೇ ಚುಚ್ಚಿಕೊಂಡರೆ ಉಸಿರು ನಿಲ್ಲಬಹುದು. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರ ಮಿತಿಮೀರಿದ ಸೇವನೆಯಿಂದ ಸಾಯುವ ಅಪಾಯ ಇತರರಿಗಿಂತ 129 ಪಟ್ಟು ಇತ್ತು. ಹಾಗಾಗಿ ಸುಳ್ಳು ಹೇಳಿದ್ದಕ್ಕೆ, ಪರೀಕ್ಷೆ ತಪ್ಪಿಸಿದ್ದಕ್ಕೆ ದಂಡನೆ ಇರಲಿ. ಚಿಕಿತ್ಸೆಯ ಶುರುವಿನಲ್ಲೇ ಜಾರಿದ್ದಕ್ಕೆ ಉತ್ತರ ಜೈಲಲ್ಲ, ಡೋಸ್ ಸಾಕಾಗಿದೆಯೇ ಎಂದು ವೈದ್ಯರು ನೋಡುವುದು.

ಕಲಾಪದಲ್ಲಿ ಒಬ್ಬೊಬ್ಬರಿಗೆ ಕನಿಷ್ಠ 3 ನಿಮಿಷ ಕೊಡಬೇಕು. ಕೆಲಸ ಸಿಕ್ಕಿತೇ, ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ನ್ಯಾಯಾಧೀಶರೇ ಹೆಸರು ಹಿಡಿದು ಕೇಳಬೇಕು. ಯಾರನ್ನಾದರೂ ಜೈಲಿಗೆ ಕಳಿಸಲೇಬೇಕಾಗಿ ಬಂದರೆ, ಆದೇಶದ ಜೊತೆ ಔಷಧದ ಚೀಟಿಯೂ ಅದೇ ಗಾಡಿಯಲ್ಲಿ ಹೋಗಬೇಕು. ಬಿಡುಗಡೆಯ ದಿನ ಕೈಗೆ ಹೆರಾಯಿನ್ ಮಿತಿಮೀರಿದಾಗ ಜೀವ ಉಳಿಸುವ ಮದ್ದಾದ ನಲೋಕ್ಸೋನ್ ಸ್ಪ್ರೇ, ಮಾರನೆಯ ಬೆಳಿಗ್ಗೆಗೆ ಕ್ಲಿನಿಕ್ಕಿನ ಸಮಯ.