ರವೆ ತೆಗೆಯಬೇಕಾದರೆ ಹತ್ತಿರ ಹೋಗಬೇಕು

ಮೂರು ವಾರದ ಹಿಂದೆ ನಮ್ಮ ಬೈಬಲ್ ಅಧ್ಯಯನ ಕೂಟದಲ್ಲಿ ಒಬ್ಬ ಸಹೋದರಿ ಒಂದು ಪ್ರಶ್ನೆ ಕೇಳಿದರು. ಆಗಾಗ ಬಂದು ಬೋಧಿಸುವ ಒಬ್ಬರು, ಕಾಣಿಕೆ ಕೊಟ್ಟರೆ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಿ ರೋಗಿಗಳ ಮನೆಯವರಿಂದ ಹಣ ಪಡೆಯುತ್ತಿದ್ದಾರೆ, ಇದು ಸರಿಯಾ ಅಂತ. ಕೂಟ ನಡೆಸುತ್ತಿದ್ದ ಹಿರಿಯರು ತಕ್ಷಣ, "ತೀರ್ಪು ಮಾಡಬೇಡಿ ಅಂತ ಯೇಸುಸ್ವಾಮಿ ಹೇಳಿದ್ದಾರೆ, ಅಲ್ವಾಮ್ಮಾ?" ಅಂದರು. ಆಕೆ ಬೈಬಲ್ ಮುಚ್ಚಿ ಸುಮ್ಮನಾದರು. ಬೇರೆ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅದು ನನ್ನನ್ನು ಇನ್ನೂ ಕೊರೆಯುತ್ತಿದೆ.

ಮನೆಗೆ ಬಂದು ಮತ್ತಾಯ 7ನೇ ಅಧ್ಯಾಯ ತೆಗೆದೆ. ನಾವೆಲ್ಲ ತೀರ್ಪು ಮಾಡಬೇಡಿ ಎಂಬ ಮೊದಲ ವಚನ ಹೇಳಿ ನಿಲ್ಲಿಸಿಬಿಡುತ್ತೇವೆ. ಯೇಸು ಅಲ್ಲಿ ನಿಲ್ಲಿಸಲಿಲ್ಲ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆದುಹಾಕು, ಆಮೇಲೆ ಸಹೋದರನ ಕಣ್ಣಿನ ರವೆ, ಅಂದರೆ ಸಣ್ಣ ಕಸ, ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎಂದು 5ನೇ ವಚನದಲ್ಲಿದೆ. ರವೆ ಇದ್ದರೆ ಇರಲಿ ಬಿಡು ಅನ್ನಲಿಲ್ಲ. ಅದು ಹೊರಗೆ ಬರಲೇಬೇಕು. ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ, ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ, ಅವರ ಫಲಗಳಿಂದ ಅವರನ್ನು ತಿಳಿದುಕೊಳ್ಳುವಿರಿ ಎಂದೂ ಹೇಳುತ್ತಾರೆ. ನೋಡದೆ, ಪರೀಕ್ಷಿಸದೆ ಫಲ ಹೇಗೆ ತಿಳಿಯುತ್ತದೆ?

ಕಣ್ಣಿನ ಈ ಮಾತು ನನಗೆ ಬರೀ ಹೋಲಿಕೆಯಲ್ಲ. 22 ವರ್ಷ ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದೆ. ಕಣ್ಣಲ್ಲಿ ಕಸ ಬಿದ್ದಿದೆ ಎಂದು ಬಂದವರು ಆಗಲೇ ಚೆನ್ನಾಗಿ ಉಜ್ಜಿಕೊಂಡಿರುತ್ತಾರೆ. ಕಣ್ಣು ಕೆಂಡದ ಹಾಗೆ ಆಗಿರುತ್ತದೆ. ಎಷ್ಟೋ ಸಲ ಕಸ ಕಣ್ಣಿನ ಮೇಲೆ ಇರುವುದೇ ಇಲ್ಲ, ಮೇಲಿನ ರೆಪ್ಪೆಯ ಒಳಗೆ ಅಂಟಿಕೊಂಡಿರುತ್ತದೆ. ರೋಗಿಗೆ ಕೆಳಗೆ ನೋಡಿ ಅಂತ ಹೇಳಿ, ರೆಪ್ಪೆಯನ್ನು ಮೆಲ್ಲಗೆ ಹೊರಕ್ಕೆ ಮಗುಚಿದರೆ ಮಾತ್ರ ಕಾಣುತ್ತದೆ. ಅದಕ್ಕೆ ಮೊದಲು ಕೈ ತೊಳೆಯಬೇಕು. ಒಳ್ಳೆ ಬೆಳಕು ಬೇಕು. ಕೈ ನಡುಗದಂತೆ ಬೆರಳನ್ನು ರೋಗಿಯ ಕೆನ್ನೆಯ ಮೇಲೆ ಊರಿಕೊಳ್ಳಬೇಕು. ನಿಮ್ಮ ಉಸಿರು ಅವರಿಗೆ ತಾಗುವಷ್ಟು ಹತ್ತಿರ ಹೋಗಬೇಕು. ದೂರದಲ್ಲಿ ನಿಂತು "ನೋಡಿ, ಅವರ ಕಣ್ಣಲ್ಲಿ ಕಸ ಇದೆ" ಅಂತ ಪಕ್ಕದವರಿಗೆ ತೋರಿಸಿದರೆ ಯಾರ ಕಣ್ಣೂ ವಾಸಿಯಾಗುವುದಿಲ್ಲ.

ನಾನು ಮಾಡಿದ್ದು ಅದನ್ನೇ. ಕೆಲವು ವರ್ಷಗಳ ಹಿಂದೆ ನಮ್ಮ ಗಾಯಕ ತಂಡದ ಒಬ್ಬ ಅಕ್ಕ ತಿಂಗಳುಗಟ್ಟಲೆ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ, ತೆಗೆದುಕೊಳ್ಳಲಿಲ್ಲ. ರೊಟ್ಟಿಯ ತಟ್ಟೆ ಬಂದರೆ ಮುಂದಕ್ಕೆ ದಾಟಿಸಿಬಿಡುತ್ತಿದ್ದರು. ಇವರ ಜೀವನದಲ್ಲಿ ಏನೋ ಪಾಪ ಇದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಅಷ್ಟೇ ಅಲ್ಲ, "ಅವರಿಗಾಗಿ ಸ್ವಲ್ಪ ಪ್ರಾರ್ಥನೆ ಮಾಡಿ" ಎಂದು ಇಬ್ಬರಿಗೆ ಹೇಳಿದೆ. ಪ್ರಾರ್ಥನೆಯ ಹೆಸರಿನಲ್ಲಿ ಒಬ್ಬರ ಮಾನ ಕಳೆಯುವುದು ಎಷ್ಟು ಸುಲಭ! ಆಮೇಲೆ ತಿಳಿಯಿತು. ಅವರಿಗೂ ನಾದಿನಿಗೂ ಮನಸ್ತಾಪವಿತ್ತು. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂಬ ಯೇಸುವಿನ ಮಾತನ್ನು ಅವರು ತಮಗೇ ಹೇಳಿದ್ದು ಅಂತ ತೆಗೆದುಕೊಂಡಿದ್ದರು. ನಾದಿನಿ ಮಾತಾಡುವ ತನಕ ಕಾದರು. ನಾನು ಅಷ್ಟು ವಾರವೂ ರೊಟ್ಟಿ ತೆಗೆದುಕೊಳ್ಳುತ್ತಾ ಅವರನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ.

ಹಳೆ ಒಡಂಬಡಿಕೆಯಲ್ಲಿ, ಶಿಲೋ ಎಂಬ ಊರಿನ ದೇವಾಲಯದಲ್ಲಿ ಯಾಜಕ ಏಲಿ ಮಾಡಿದ ತಪ್ಪೂ ಇಂಥದ್ದೇ. ಮಕ್ಕಳಿಲ್ಲದೆ ನೊಂದು ಪ್ರಾರ್ಥಿಸುತ್ತಿದ್ದ ಹನ್ನಳ ತುಟಿ ಅಲ್ಲಾಡುತ್ತಿತ್ತು, ಧ್ವನಿ ಕೇಳಿಸುತ್ತಿರಲಿಲ್ಲ. ಕುಡಿದಿದ್ದಾಳೆ ಅಂದುಕೊಂಡು ಗದರಿಸಿದ. ಆಕೆ ತನ್ನ ಎದೆಯ ನೋವನ್ನು ದೇವರ ಮುಂದೆ ಸುರಿಯುತ್ತಿದ್ದಳು. ಏಲಿಯಲ್ಲಿ ನನಗೆ ಇಷ್ಟವಾಗುವುದು ಒಂದಿದೆ. ಆಕೆಯ ಉತ್ತರ ಕೇಳಿದ ಮೇಲೆ ಅವನು ಹಠ ಹಿಡಿಯಲಿಲ್ಲ. ಅಲ್ಲೇ ಆಶೀರ್ವದಿಸಿ ಕಳಿಸಿದ. ಆದರೆ ಅದೇ ಏಲಿ, ತನ್ನ ಮಕ್ಕಳು ಬಲಿಯ ಮಾಂಸ ಕಿತ್ತುಕೊಳ್ಳುತ್ತಿದ್ದಾಗ ಬಾಯಲ್ಲಿ ಬುದ್ಧಿ ಹೇಳಿದನೇ ಹೊರತು ತಡೆಯಲಿಲ್ಲ. ಪ್ರಾರ್ಥಿಸುವವಳನ್ನು ಗದರಿಸಿದ, ದೋಚುವವರನ್ನು ಬಿಟ್ಟ. ನಮ್ಮ ಕೂಟ ನೆನಪಾಯಿತು.

ಹೃದಯದ ಉದ್ದೇಶ ನಮಗೆ ಕಾಣುವುದಿಲ್ಲ. ಕರ್ತನು ಬರುವ ತನಕ ಕಾಲಕ್ಕೆ ಮೊದಲೇ ತೀರ್ಪು ಮಾಡಬೇಡಿ, ಹೃದಯದಲ್ಲಿರುವುದನ್ನು ಅವನೇ ಬೆಳಕಿಗೆ ತರುತ್ತಾನೆ ಎಂದು ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದಿದ್ದಾನೆ. ಆ ಬೋಧಕರಿಗೆ ದೇವರ ಮೇಲೆ ನಂಬಿಕೆ ಇದೆಯೋ ಇಲ್ಲವೋ ನಾನು ಹೇಳಲಾರೆ, ಹೇಳಬಾರದು. ಆದರೆ ಅವರು ಆಡಿದ ಮಾತು ಕಿವಿಗೆ ಬಿದ್ದಿದೆ. ಹಣ ಕೈ ಬದಲಾಗಿದೆ. ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಥೆಸಲೋನಿಕದವರಿಗೆ ಬರೆದವನೂ ಪೌಲನೇ. ಬೆರೋಯ ಎಂಬ ಊರಿನವರು ಪೌಲನ ಬೋಧನೆಯನ್ನೇ ದಿನವೂ ಶಾಸ್ತ್ರದ ಜೊತೆ ಇಟ್ಟು ನೋಡಿದರು. ಬೈಬಲ್‌ನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ ಅವರಿಗೆ ಹೊಗಳಿಕೆ ಸಿಕ್ಕಿತು, ಬೈಗುಳವಲ್ಲ.

ತಪ್ಪಿನಲ್ಲಿ ಸಿಕ್ಕಿದವನನ್ನು ಸರಿಮಾಡಿ ಎಂದು ಗಲಾತ್ಯ 6ರಲ್ಲಿ ಬರುವ ಮಾತಿಗೆ ಗ್ರೀಕ್‌ನಲ್ಲಿರುವ ಕ್ರಿಯಾಪದ, ಯೇಸುವಿನ ಶಿಷ್ಯರಾದ ಮೀನುಗಾರ ಯಾಕೋಬ ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು ಅನ್ನುವಲ್ಲೂ ಇದೆ. ಬಲೆ ಹರಿದರೆ ಮೀನುಗಾರ ಅದನ್ನು ಬೈಯುವುದಿಲ್ಲ, ಬಿಸಾಡುವುದೂ ಇಲ್ಲ. ಮಡಿಲಲ್ಲಿ ಹಾಕಿಕೊಂಡು ಹರಿದ ಜಾಗ ಹುಡುಕುತ್ತಾನೆ.

ಮೊನ್ನೆ ಆ ಸಹೋದರಿಯ ಮನೆಗೆ ಹೋಗಿದ್ದೆ. ಅವತ್ತು ಸುಮ್ನೆ ಕೂತಿದ್ದಕ್ಕೆ ಕ್ಷಮಿಸಿ ಎಂದೆ. ಕೂಟದಲ್ಲಿ ಕೇಳುವ ಮೊದಲೇ ಅವರು ಆ ಬೋಧಕರ ಹತ್ತಿರ ಒಬ್ಬರೇ ಹೋಗಿ ಮಾತಾಡಿದ್ದರಂತೆ. ಬೋಧಕರು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಮತ್ತಾಯ 18ರ ಪ್ರಕಾರ ಈಗ ಇನ್ನೊಬ್ಬರು ಜೊತೆಗೆ ಹೋಗಬೇಕು. "ನೀವು ಬರ್ತೀರಾ ಅಕ್ಕಾ?" ಅಂದರು. ಬರ್ತೀನಿ ಅಂದೆ. ಶನಿವಾರ ಸಂಜೆ ಹೋಗುತ್ತಿದ್ದೇವೆ.

ಅದಕ್ಕೆ ಮೊದಲು ಒಂದು ಕೆಲಸ ಉಳಿದಿದೆ. ಗಾಯಕ ತಂಡದ ಆ ಅಕ್ಕನಿಗೆ, ನಿಮ್ಮ ಬಗ್ಗೆ ನಾನು ಹೀಗೆ ಅಂದುಕೊಂಡಿದ್ದೆ, ಇಬ್ಬರ ಹತ್ತಿರ ಹೇಳಿಯೂ ಇದ್ದೆ ಎಂದು ನಾನು ಇವತ್ತಿನವರೆಗೂ ತಿಳಿಸಿಲ್ಲ. ನಾಳೆ ಬೆಳಗ್ಗೆ ಅವರ ಮನೆಗೆ ಹೋಗುತ್ತೇನೆ.