ಎಫ್‌ಆರ್ ಗ್ರೇಡ್ ಅಂತ ಬರೆದಿದ್ರೆ ಸಾಲಲ್ಲ, ಒಳಗಿರೋ ಕೆಮಿಕಲ್ ಯಾವ್ದು ಅಂತ ಕೇಳಿ

ಬೆಂಗಳೂರಲ್ಲಿ ಬಿಲ್ಡಿಂಗ್ ಮೆಟೀರಿಯಲ್ ಅಪ್ರೂವಲ್ ನೋಡೋ ಕೆಲಸ ನನ್ದು, ವೆಂಡರ್‌ಗಳು ಕಳ್ಸೋ ಡೇಟಾ ಶೀಟು ಟೆಸ್ಟ್ ರಿಪೋರ್ಟು ಎಲ್ಲಾ ಓದಿ ಇದು ಸೈಟಿಗೆ ಹೋಗ್ಲಿ ಇದು ಬೇಡ ಅಂತ ಹೇಳೋದು. ಟೆರೇಸ್ ಇನ್ಸುಲೇಷನ್ನೋ ಕೋಲ್ಡ್ ರೂಮೋ ಶೆಡ್ ಗೋಡೆಯೋ, ಎಲ್ಲಿಗೆ ಥರ್ಮಾಕೋಲ್ ಬಂದ್ರೂ ಪೇಪರ್ ಮೇಲೆ ಎಫ್‌ಆರ್ ಗ್ರೇಡ್ (ಫ್ಲೇಮ್ ರಿಟಾರ್ಡೆಂಟ್, ಅಂದ್ರೆ ಬೆಂಕಿ ಹರಡದ ಹಾಗೆ ಕೆಮಿಕಲ್ ಹಾಕಿದ್ದು) ಅಂತ ಒಂದು ಸಾಲು ಇದ್ದೇ ಇರತ್ತೆ, ಅದನ್ನ ನೋಡಿ ಟಿಕ್ ಹಾಕಿ ಮುಂದೆ ಹೋಗ್ತಾರೆ. ಆ ಸಾಲು ಹೇಳೋದು ಇಷ್ಟೇ, ಸಣ್ಣ ಬೆಂಕಿ ತಾಗಿದ್ರೆ ಶೀಟು ತಾನಾಗೇ ಆರತ್ತೆ. ಥರ್ಮಾಕೋಲ್ ಇನ್ಸುಲೇಷನ್‌ಗಿರೋ ನಮ್ಮ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 4671ರಲ್ಲೂ ಎನ್ ಟೈಪು, ಎಸ್‌ಇ ಟೈಪು ಅಂತ ಎರಡಿದೆ, ಎಸ್‌ಇ ಅಂದ್ರೆ ತಾನೇ ಆರೋದು. ಯಾವ ಕೆಮಿಕಲ್ ಹಾಕಿದ್ರಿಂದ ಆರತ್ತೆ ಅನ್ನೋದು ಮಾತ್ರ ಇದ್ಯಾವ್ದ್ರಿಂದ್ಲೂ ಗೊತ್ತಾಗಲ್ಲ.

ದಶಕಗಟ್ಲೆ ಇಪಿಎಸ್ (ಅದೇ ಥರ್ಮಾಕೋಲ್), ಎಕ್ಸ್‌ಪಿಎಸ್ (ಅದೇ ಪಾಲಿಸ್ಟೈರೀನ್‌ನ ಇನ್ನೊಂದು ಥರದ ಫೋಮ್ ಬೋರ್ಡು) ಎರಡಕ್ಕೂ ಹಾಕ್ತಾ ಇದ್ದಿದ್ದು ಎಚ್‌ಬಿಸಿಡಿ ಅನ್ನೋ ಬ್ರೋಮಿನ್ ಇರೋ ಕೆಮಿಕಲ್, ಪೂರ್ತಿ ಹೆಸರು ಹೆಕ್ಸಾಬ್ರೋಮೋಸೈಕ್ಲೋಡೋಡೆಕೇನ್. ಇಪಿಎಸ್‌ನಲ್ಲಿ ತೂಕದ ಸುಮಾರು 0.7 ಪರ್ಸೆಂಟ್, ಎಕ್ಸ್‌ಪಿಎಸ್‌ನಲ್ಲಿ ಅದಕ್ಕಿಂತ ಜಾಸ್ತಿನೇ ಇರ್ತಿತ್ತು. ಇದು ಪ್ಲಾಸ್ಟಿಕ್ ಜೊತೆ ಕೆಮಿಕಲ್ ಆಗಿ ಅಂಟ್ಕೊಂಡಿರಲ್ಲ, ಬರೀ ಬೆರೆತಿರತ್ತೆ, ಹಾಗಾಗಿ ವರ್ಷಗಳು ಕಳೆದ ಹಾಗೆ ನಿಧಾನವಾಗಿ ಹೊರಗೆ ಬರತ್ತೆ, ಮನೆ ಧೂಳಲ್ಲಿ ಮೀನಲ್ಲಿ ತಾಯಿ ಹಾಲಲ್ಲಿ ಸಿಕ್ಕಿದೆ, ಫ್ಯಾಕ್ಟರಿನೇ ಇಲ್ಲದ ಆರ್ಕ್‌ಟಿಕ್ ಪ್ರಾಣಿಗಳಲ್ಲೂ ಸಿಕ್ಕಿದೆ. 2013ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಬೇಗ ಕರಗದ ವಿಷಕಾರಿ ಕೆಮಿಕಲ್‌ಗಳನ್ನ ತಡೆಯೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದ್ರು, ಆದ್ರೆ ಕಟ್ಟಡದ ಇಪಿಎಸ್, ಎಕ್ಸ್‌ಪಿಎಸ್‌ಗೆ ಸ್ವಲ್ಪ ಕಾಲ ವಿನಾಯ್ತಿ ಕೊಟ್ಟೇ ಸೇರಿಸಿದ್ದು. ನಮ್ಮ ದೇಶದಲ್ಲಿ 2018ರ ಮಾರ್ಚ್‌ನಲ್ಲಿ ಪರಿಸರ ಸಚಿವಾಲಯ ರೂಲ್ಸ್ ತಂದು ಏಳು ಕೆಮಿಕಲ್‌ಗಳ ತಯಾರಿಕೆ, ವ್ಯಾಪಾರ, ಬಳಕೆ, ಆಮದು, ರಫ್ತು ಎಲ್ಲಾ ನಿಲ್ಲಿಸಿತು, ಅದ್ರಲ್ಲಿ ಎಚ್‌ಬಿಸಿಡಿನೂ ಒಂದು. ಇದನ್ನ ಹೇಳಿದ್ರೆ ಸೇಲ್ಸ್‌ನವ್ರು ಎಷ್ಟೋ ಸಲ ನನ್ ಮುಖ ನೋಡ್ತಾರೆ, ಅವ್ರನ್ನ ದೂರಿ ಪ್ರಯೋಜನ ಇಲ್ಲ, ಕೊಳ್ಳೋರು ಯಾರೂ ಕೇಳೇ ಇಲ್ಲ.

ಹಾಗಾಗಿ ನಾವು ಈಗ ಎಫ್‌ಆರ್ ಇದ್ಯಾ ಅಂತ ಕೇಳಲ್ಲ, ಎಫ್‌ಆರ್ ಯಾವ್ದು, ಅದರ ಸಿಎಎಸ್ ನಂಬರ್ (ಪ್ರತಿ ಕೆಮಿಕಲ್‌ಗೂ ಇರೋ ಗುರುತಿನ ಸಂಖ್ಯೆ) ಏನು ಅಂತ ಕೇಳ್ತೀವಿ. 25637-99-4 ಅಥವಾ 3194-55-6 ಅಂತ ಬಂದ್ರೆ ಅದು ಎಚ್‌ಬಿಸಿಡಿ, ವಾಪಸ್ ಕಳ್ಸೋದೇ. ಬದಲಿಗೆ ಬಂದಿರೋದು ಬ್ಯುಟಡೈಯೀನ್ ಸ್ಟೈರೀನ್ ಕೋಪಾಲಿಮರ್‌ಗೆ ಬ್ರೋಮಿನ್ ಸೇರಿಸಿದ ಪಾಲಿಮರ್ ಎಫ್‌ಆರ್, ಅದರ ಅಣು ತುಂಬಾ ದೊಡ್ಡದು, ಜೀವಕೋಶದೊಳಗೆ ಸುಲಭವಾಗಿ ನುಗ್ಗಲ್ಲ ಅನ್ನೋ ಲೆಕ್ಕದಲ್ಲಿ ತಂದಿದ್ದು. ಇನ್ನೊಂದು ವಿಷ್ಯ, ಕೆಲವ್ರು ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌-ರೇ ಬಿಟ್ಟು ಒಳಗೆ ಯಾವ ಮೂಲಧಾತು ಇದೆ ಅಂತ ತೋರ್ಸೋ ಕೈ ಉಪಕರಣ) ಹಿಡಿದು ಬ್ರೋಮಿನ್ ತೋರಿಸ್ತಿದೆ ಅಂದ್ರೆ ಎಚ್‌ಬಿಸಿಡಿ ಇದೆ ಅಂತ ತೀರ್ಮಾನ ಮಾಡ್ತಾರೆ, ಅದು ತಪ್ಪು, ಪಾಲಿಮರ್ ಎಫ್‌ಆರ್‌ನಲ್ಲೂ ಬ್ರೋಮಿನ್ನೇ ಇರೋದು. ತುಂಡನ್ನ ಸಾಲ್ವೆಂಟ್‌ನಲ್ಲಿ ನೆನೆಸಿ ಹೊರಗೆ ಬರೋದೇನು ಅಂತ ಲ್ಯಾಬಲ್ಲಿ ನೋಡ್ಬೇಕು, ಎಚ್‌ಬಿಸಿಡಿ ಬಿಟ್ಕೊಂಡು ಬರತ್ತೆ, ಪಾಲಿಮರ್ ಬರಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ, ಆ ಜಾಗದಲ್ಲಿ ಎಫ್‌ಆರ್ ಬೇಕಾ ಅನ್ನೋದು. ನೆಲದ ಸ್ಲ್ಯಾಬ್ ಕೆಳಗೆ, ಕೆಳಗೆ ಮಣ್ಣು ಮೇಲೆ ಕಾಂಕ್ರೀಟು, ಅಲ್ಲಿಗೆ ಬೆಂಕಿ ಹೋಗೋದಾದ್ರೂ ಹೇಗೆ? ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಎಬಿ 127 ಅಂತ ಕಾನೂನು ಮಾಡಿದ್ದೇ ಇದಕ್ಕೆ, ಬೆಂಕಿಯಿಂದ ಸುರಕ್ಷತೆ ಕಡಿಮೆ ಆಗದ ಹಾಗೆ ಎಫ್‌ಆರ್ ಇಲ್ಲದ ಇನ್ಸುಲೇಷನ್‌ಗೆ ಅವಕಾಶ ಕೊಡಬಹುದಾ ಅಂತ ರಾಜ್ಯದ ಫೈರ್ ಮಾರ್ಷಲ್ ಪರಿಶೀಲಿಸ್ಬೇಕು ಅಂತ. ಅಮೆರಿಕದ ಕೋಡ್‌ನಲ್ಲಿ ಫೋಮ್ ಮತ್ತು ರೂಮಿನ ನಡುವೆ ಅರ್ಧ ಇಂಚು ಜಿಪ್ಸಮ್ ಬೋರ್ಡ್ ಥರದ್ದು ಮೊದಲೇ ಕಡ್ಡಾಯ, 15 ನಿಮಿಷ ಬೆಂಕಿ ತಡೆಯೋ ಅಡ್ಡಗೋಡೆ ಅದು, ಅದರ ಮೇಲೆ ಕೆಮಿಕಲ್ ಬೇರೆ ಯಾಕೆ ಅನ್ನೋದು ಅಲ್ಲಿನ ವಿಜ್ಞಾನಿಗಳ ವಾದ. ನಂಗೂ ಅದೇ ಸರಿ ಅನ್ಸತ್ತೆ, ದೊಡ್ಡ ಬೆಂಕಿಗೆ ಎಫ್‌ಆರ್ ಇರೋ ಫೋಮೂ ಉರಿಯತ್ತೆ, ಜೊತೆಗೆ ಹೊಗೇಲಿ ಹೈಡ್ರೋಜನ್ ಬ್ರೋಮೈಡ್ ಅನ್ನೋ ವಿಷಗಾಳಿ ಬರತ್ತೆ. ಆದ್ರೆ ಹೊರಗೋಡೆ ಫಸಾಡ್‌ನಲ್ಲಿ ಈ ಮಾತು ಹೇಳಲೇಬಾರ್ದು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಲ್ಲಿ ಬೆಂಕಿ ಹೊರಗೋಡೆ ಹೊದಿಕೆ ಮೂಲಕ ಹರಡಿ 72 ಜನ ಸತ್ತಿದ್ದು ಮರೀಬಾರ್ದು, ಎತ್ತರದ ಕಟ್ಟಡದ ಫಸಾಡ್‌ಗೆ ನಾನಂತೂ ರಾಕ್‌ವೂಲ್ ಹಾಕಿ ಅಂತಾನೇ ಬರೀತೀನಿ, ಕಲ್ಲಿನ ನಾರು ಉರಿಯಲ್ಲ, ಎಫ್‌ಆರ್ ಕೆಮಿಕಲ್ ಪ್ರಶ್ನೆನೂ ಏಳಲ್ಲ, ರೇಟು ಜಾಸ್ತಿ ಅಂತ ಜಗಳ ಬಂದ್ರೂ ಬಿಡಲ್ಲ. ಸ್ಲ್ಯಾಬ್ ಕೆಳಗೆ ಎಫ್‌ಆರ್ ಇಲ್ಲದ್ದು ಹಾಕೋದಾದ್ರೂ ಅದನ್ನ ಬೇರೆ ಇಟ್ಟು ಗುರುತು ಹಾಕಿ ವೆಲ್ಡಿಂಗ್ ಹತ್ರ ಬಿಡಬಾರ್ದು, ಯಾಕಂದ್ರೆ ಅದಕ್ಕೆ ಅಪಾಯ ಇರೋದು ಹೂಳೋಕೆ ಮುಂಚೆ ಸೈಟಲ್ಲೇ.

ಹಳೇ ಕಟ್ಟಡ ಒಡೆಯೋವಾಗ ಏನಾಗತ್ತೆ ಅನ್ನೋದಕ್ಕೆ ಜರ್ಮನಿ ನೋಡಿ. 2016ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಎಚ್‌ಬಿಸಿಡಿ ಇರೋ ಥರ್ಮಾಕೋಲನ್ನ ಅಪಾಯಕಾರಿ ಕಸ ಅಂತ ಮಾಡಿದ್ರು, ಉದ್ದೇಶ ಒಳ್ಳೇದೇ, ಆದ್ರೆ ಎಷ್ಟೋ ಕಸ ಸುಡೋ ಘಟಕಗಳಿಗೆ ಅದನ್ನ ತಗೊಳ್ಳೋ ಪರ್ಮಿಟ್ಟೇ ಇರ್ಲಿಲ್ಲ, ಸೈಟುಗಳಲ್ಲಿ ರಾಶಿ ಬಿತ್ತು, ಛಾವಣಿ ಕೆಲಸದವ್ರು ಒದ್ದಾಡಿದ್ರು, ಡಿಸೆಂಬರ್‌ನಲ್ಲಿ ಆ ನಿಯಮವನ್ನ ಒಂದು ವರ್ಷ ತಡೆಹಿಡೀಬೇಕಾಯ್ತು. ನಮ್ಮಲ್ಲಿ 2018ಕ್ಕೆ ಮುಂಚಿನ ಟೆರೇಸುಗಳು, ಕೋಲ್ಡ್ ಸ್ಟೋರೇಜುಗಳು ಎಷ್ಟೋ ಇವೆ, ಒಡೆದ ಮೇಲೆ ಆ ಬಿಳಿ ತುಂಡುಗಳು ಕಾಂಕ್ರೀಟ್ ಜೊತೆ ಲಾರಿ ಹತ್ತಿ ಎಲ್ಲೋ ಕೆರೆ ಪಕ್ಕ ಹೋಗ್ಬಾರ್ದು, ಅದಕ್ಕೆ ರಿಪೇರಿ ಟೆಂಡರ್ ಬರೆಯೋವಾಗ ಹಳೇ ಶೀಟನ್ನ ಬೇರೆ ಮಾಡಿ ಮೂಟೆ ಕಟ್ಟೋದು, ಒಂದು ತುಂಡು ಲ್ಯಾಬಿಗೆ ಕಳ್ಸೋದು, ಎಚ್‌ಬಿಸಿಡಿ ಸಿಕ್ಕಿದ್ರೆ ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಲೈಸೆನ್ಸ್ ಇರೋರಿಗೇ ಕೊಡೋದು, ಈ ಮೂರಕ್ಕೂ ಬೇರೆ ಬೇರೆ ರೇಟು ಕೇಳಿ ಐಟಂ ಆಗಿ ಸೇರಿಸ್ತಾ ಇದ್ದೀನಿ.