ನರೆಗೂದಲಿನ ಹೊಸ ಆಟಗಾರ

ಇವತ್ತು ಊಟ ಮಾಡುತ್ತಾ ಸುಮ್ನೆ ಫೋನ್ ನೋಡುವಾಗ ಬ್ಯಾಸ್ಕೆಟ್‌ಬಾಲ್ ಆಟಗಾರ ಆಂಡ್ರೆ ಇಂಗ್ರಾಮ್ ಆಡಿದ ಹಳೇ ವಿಡಿಯೊ ಕಣ್ಣಿಗೆ ಬಿತ್ತು. ಅನ್ನ ಆರಿಹೋಯಿತು, ವಿಡಿಯೊ ಮಾತ್ರ ಪೂರ್ತಿ ನೋಡಿದೆ.

2018ರ ಏಪ್ರಿಲ್ 10. ಲಾಸ್ ಏಂಜಲೀಸ್. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ, ಲೇಕರ್ಸ್ ತಂಡದ ಪರ ಅವರ ಮೊದಲ ಪಂದ್ಯ. ವಯಸ್ಸು 32.

ತಲೆಯಲ್ಲಿ ಬಿಳಿ ಕೂದಲು. ನನ್ನ ಕಣ್ಣು ಅಲ್ಲೇ ನಿಂತಿತು. ಹೊಸಬ ಅಂತ ಅಂಗಳಕ್ಕೆ ಬರುವವರ ತಲೆ ಹೀಗಿರುವುದಿಲ್ಲ, ಅಲ್ವಾ? ಎನ್‌ಬಿಎಗಿಂತ ಕೆಳಗಿನ ಲೀಗಿನಲ್ಲಿ ಕಳೆದ ಹತ್ತು ಸೀಸನ್‌ಗಳು ಆ ಕೂದಲಿನಲ್ಲೇ ಕಾಣುತ್ತಿದ್ದವು.

ಅಲ್ಲಿನ ಸಂಬಳ ಆಗ ಸೀಸನ್ನಿಗೆ 20,000 ಡಾಲರ್ ಆಚೀಚೆ. ಅಮೆರಿಕದಲ್ಲಿ ಅದರಲ್ಲಿ ಸಂಸಾರ ನಡೆಸುವುದು ಕಷ್ಟ. ಇವರು ಓದಿದ್ದು ಭೌತಶಾಸ್ತ್ರ. ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿಕೊಡುತ್ತಾ ಆಡಿದರು. ಬೇರೆ ಒಳ್ಳೆ ಕೆಲಸ ಸಿಗುತ್ತಿರಲಿಲ್ಲವಾ? ಖಂಡಿತ ಸಿಗುತ್ತಿತ್ತು. ಆದರೂ ಬಿಡಲಿಲ್ಲ.

ಆ ರಾತ್ರಿ ಮೊದಲ ಶಾಟೇ ತ್ರೀ ಪಾಯಿಂಟರ್ (ದೂರದಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ಎಸೆತ), ಸೀದಾ ಒಳಗೆ. ಅಂಥ ಐದು ಎಸೆತಗಳಲ್ಲಿ ನಾಲ್ಕು ಬಿದ್ದವು. ಒಟ್ಟು 19 ಪಾಯಿಂಟ್. ಜನ 'ಎಂವಿಪಿ', ಅಂದರೆ ಅತ್ಯಂತ ಬೆಲೆಬಾಳುವ ಆಟಗಾರ, ಅಂತ ಕೂಗಿದರು. ಲೇಕರ್ಸ್ ಸೋತಿತು, ಇರಲಿ ಬಿಡಿ.

ಮರುದಿನ ಇನ್ನೊಂದು ಪಂದ್ಯ, ಅಲ್ಲಿಗೆ ಸೀಸನ್ ಮುಗಿಯಿತು. ಮುಂದಿನ ವರ್ಷ ಮತ್ತೆ ಕೆಳಗಿನ ಲೀಗ್.

ಅದೇ ಲೀಗಿನಲ್ಲಿ ವರ್ಷಗಟ್ಟಲೆ ಆಡಿ, ಒಂದು ಕರೆಯೂ ಬಾರದೆ ಆಟ ಬಿಟ್ಟವರು ಎಷ್ಟೋ ಜನ. ಅವರ ವಿಡಿಯೊ ಯಾರೂ ಶೇರ್ ಮಾಡುವುದಿಲ್ಲ. ಅವರನ್ನೂ ನೋಡಬೇಕು ಅನ್ನಿಸಿದೆ. ಗೊತ್ತಿದ್ದವರು ಲಿಂಕ್ ಇದ್ದರೆ ಕಳಿಸಿ.